ನನ್ನ ಸೌಹಾರ್ದಕ್ಕೊಂದು ಷರತ್ತು

ಧರ್ಮಸೌಹಾರ್ದದ ಮಾತು ಬಂದರೆ ನನ್ನ ಹತ್ತಿರ ಉದಾಹರಣೆಗಳಿಗೆ ಬರವಿಲ್ಲ. ಶಿಶುನಾಳದ ಶರೀಫರು, ಅವರನ್ನು ಶಿಷ್ಯನನ್ನಾಗಿ ಒಪ್ಪಿಕೊಂಡ ಕಳಸದ ಗೋವಿಂದಭಟ್ಟರು. ಬೀದರ್ ಪಕ್ಕದ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹ್ಮದ್ ಶಾ ವಲಿಯನ್ನು ಅಲ್ಲಮಪ್ರಭುವಿನ ಅವತಾರವೆಂದು ನಂಬಿ ಉರುಸಿಗೆ ಬರುವ ಲಿಂಗಾಯತರು. ರಾಯಚೂರು ಜಿಲ್ಲೆಯ ಮುದಗಲ್ಲಿನ ಮೊಹರಂ. ಸಭೆಯಲ್ಲಿ ಇವನ್ನೆಲ್ಲ ಹೇಳಿದರೆ ಚಪ್ಪಾಳೆ ಬೀಳುತ್ತದೆ. ಈಚೆಗೆ ಆ ಚಪ್ಪಾಳೆಯ ನಡುವೆಯೇ ಒಂದು ಪ್ರಶ್ನೆ ಕಾಡುತ್ತಿದೆ. ನಾನು ಮೆಚ್ಚುತ್ತಿರುವುದು ಇನ್ನೊಬ್ಬರ ಧರ್ಮವನ್ನೋ, ಅದರಲ್ಲಿ ನನ್ನ ಮುಖ ಕಂಡಷ್ಟು ಭಾಗವನ್ನೋ?

ನಮ್ಮದು ಕೊರಳಲ್ಲಿ ಲಿಂಗ ಕಟ್ಟಿಕೊಳ್ಳುವ ಮನೆ. ಆದರೂ ಮೊಹರಂ ಬಂತೆಂದರೆ ಅವ್ವ ಕಾಗದದ ಪೊಟ್ಟಣದಲ್ಲಿ ಸಕ್ಕರೆ ಕಟ್ಟಿ, ‘ಅಲಾಯಿ ದೇವರಿಗೆ ಹೋಗಿ ಓದಿಸ್ಕೊಂಡು ಬಾ’ ಎಂದು ಕಳಿಸುತ್ತಿದ್ದಳು. ಮುಲ್ಲಾ ಪೊಟ್ಟಣ ಬಿಚ್ಚಿ, ಕಣ್ಣು ಮುಚ್ಚಿ ಏನೋ ಓದಿ, ಚಿಟಿಕೆ ಸಕ್ಕರೆ ತೆಗೆದಿಟ್ಟುಕೊಂಡು, ನವಿಲುಗರಿಯ ಕಟ್ಟಿನಿಂದ ತಲೆ ಸವರಿ ಕಳಿಸುತ್ತಿದ್ದರು. ಅಲ್ಲಿಂದ ತಂದ ಊದಿನ ಬೂದಿಯನ್ನು ಅವ್ವ ನನ್ನ ಹಣೆಯ ವಿಭೂತಿಯ ಕೆಳಗೇ ಹಚ್ಚುತ್ತಿದ್ದಳು. ಹರಕೆ ಹೊತ್ತ ಗೌಡರ ಮನೆಯವರು ಕೊರಳಿಗೆ ಲಾಡಿ ಹಾಕಿಕೊಂಡು ಫಕೀರರಾಗುತ್ತಿದ್ದರು. ಒಂದೂ ಮುಸ್ಲಿಂ ಮನೆಯಿಲ್ಲದ ಊರುಗಳಲ್ಲೂ ಪಂಜಾ, ಅಂದರೆ ಅಲಾಯಿ ದೇವರೆನ್ನುವ ಹಸ್ತಾಕಾರದ ಲಾಂಛನ, ಕೂರಿಸುವ ಸೀಮೆ ನಮ್ಮದು. ಕ್ರಿ.ಶ. 680ರಲ್ಲಿ ಇರಾಕಿನ ಕರ್ಬಲಾದಲ್ಲಿ ನಡೆದ ಕಾಳಗ, ಪ್ರವಾದಿಯವರ ಮೊಮ್ಮಗ ಹುಸೇನರ ಸಾವು, ನಮ್ಮ ಕಡೆ ಮೊಹರಂಗೆ ಹಾಡುವ ರಿವಾಯತ್ ಪದಗಳಲ್ಲಿ ಅಪ್ಪಟ ಕನ್ನಡದ ದುಃಖವಾಗಿಬಿಟ್ಟಿದೆ. ಶರೀಫರೂ ಅಂಥ ಪದ ಕಟ್ಟಿದವರೇ.

ಇಂಥ ಊರಿನಿಂದ ಬಂದ ನನಗೆ ಸಹೋದ್ಯೋಗಿಯೊಬ್ಬರ ಮಾತು ಸುಲಭವಾಗಿ ಜೀರ್ಣವಾಗಲಿಲ್ಲ. ಮೊಹರಂಗೆ ನಮ್ಮೂರಿಗೆ ಬನ್ನಿ, ಅಲಾಯಿ ನೋಡೋಣ ಎಂದು ಉತ್ಸಾಹದಿಂದ ಕರೆದಿದ್ದೆ. ಅವರು ನಕ್ಕು, ‘ಅವತ್ತು ನಂದು ರೋಜಾ ಇರ್ತದರೀ ಸರ. ಪಂಜಾ ಕೂಡಿಸೂದು, ಕೆಂಡ ಹಾಯೂದು ನಮ್ಮ ಮನ್ಯಾಗ ನಡಿಸಂಗಿಲ್ರೀ’ ಎಂದರು. ಮೊಹರಂ ತಿಂಗಳ ಹತ್ತನೆಯ ದಿನ ಉಪವಾಸವಿರುವುದು ಸುನ್ನಿಗಳಲ್ಲಿ ಹಿಂದಿನಿಂದ ಬಂದ ಪದ್ಧತಿ. ಅವರು ಹೊಸದೇನನ್ನೂ ಹೇಳಿರಲಿಲ್ಲ, ಯಾರನ್ನೂ ಹಳಿದಿರಲಿಲ್ಲ. ಆದರೂ ನನ್ನ ಮನಸ್ಸು ಮುದುಡಿತು. ‘ಇವರೂ ಹೀಗಾದರಲ್ಲ’ ಎನ್ನಿಸಿತು. ಕಟ್ಟರ್ ಎಂಬ ಶಬ್ದ ನಾಲಗೆಯ ತುದಿಗೇ ಬಂದಿತ್ತು.

ಅದೇಕೆ ಬಂತೆಂದು ಕೆದಕುತ್ತ ಹೋದರೆ ಸಿಕ್ಕಿದ್ದು ಹಿತವಾದ ಉತ್ತರವಲ್ಲ. ನನ್ನ ದಾಯಾದಿಯೊಬ್ಬ ಗುಡಿಗೆ ಕಾಲಿಡುವುದಿಲ್ಲ. ಅಂಗೈಯ ಇಷ್ಟಲಿಂಗ ಇರುವಾಗ ಕಲ್ಲಿನ ದೇವರೇಕೆ ಎನ್ನುತ್ತಾನೆ. ಅವನನ್ನು ನಾನು ತತ್ವನಿಷ್ಠ, ಹನ್ನೆರಡನೆಯ ಶತಮಾನದ ಶರಣರ ನಿಜವಾದ ವಾರಸುದಾರ ಎಂದು ನಾಲ್ಕು ಜನರೆದುರು ಹೊಗಳುತ್ತೇನೆ. ಅದೇ ನಿಷ್ಠೆಯನ್ನು ಸಹೋದ್ಯೋಗಿ ತೋರಿದರೆ ಸಂಸ್ಕೃತಿ ಬಿಟ್ಟುಕೊಟ್ಟರೆಂದು ಮರುಗುತ್ತೇನೆ. ಲಿಂಗ ಕಟ್ಟಿಕೊಂಡೇ ಸವದತ್ತಿಯ ಎಲ್ಲಮ್ಮನ ಗುಡ್ಡ ಹತ್ತುವ ನಮ್ಮ ಮನೆಯವರಿಂದ ಯಾರೂ ಲೆಕ್ಕ ಕೇಳುವುದಿಲ್ಲ. ಹತ್ತಿದರೂ ಹತ್ತದಿದ್ದರೂ ನಾವು ಈ ನೆಲದವರೇ. ಅವರು ಮಾತ್ರ ಈ ನೆಲದವರೆನ್ನಿಸಿಕೊಳ್ಳಲು ಅಲಾಯಿಯ ಮುಂದೆ ಹಾಜರಿ ಹಾಕಬೇಕು. ಇದು ನನ್ನ ಸೌಹಾರ್ದಕ್ಕೆ ನಾನೇ ಹಾಕಿದ ಷರತ್ತು. ಷರತ್ತೆಂದು ಬಾಯಿಬಿಟ್ಟು ಹೇಳದ ಕಾರಣ ಇಷ್ಟು ದಿನ ಅದು ಪ್ರೀತಿಯಂತೆಯೇ ಕಾಣುತ್ತಿತ್ತು.

ಆ ಸಹೋದ್ಯೋಗಿ ಮನೆಯಲ್ಲಿ ದಖನಿ ಮಾತಾಡುತ್ತಾರೆ, ನಮಾಜು ಅರಬಿಯಲ್ಲಿ, ಪೇಪರ್ ಕನ್ನಡದ್ದು. ಮಗಳಿಗೆ ಸ್ಪರ್ಧೆಗೆಂದು ವಚನ ಬಾಯಿಪಾಠ ಮಾಡಿಸುತ್ತಾರೆ. ಇವುಗಳಲ್ಲಿ ಯಾವುದೂ ಇನ್ನೊಂದಕ್ಕೆ ಅಡ್ಡ ಬಂದದ್ದನ್ನು ನಾನು ಕಂಡಿಲ್ಲ. ಗಾಯಕ ಅಶ್ವತ್ಥರ ದನಿಯಲ್ಲಿ ಕೇಳಿ ಕೇಳಿ ಶರೀಫರ ಪದಗಳು ನನಗೆ ಬಾಯಿಗೆ ಬರುತ್ತವೆ. ನಮಾಜಿನಲ್ಲಿ ಏನು ಹೇಳುತ್ತಾರೆಂದು ಮಾತ್ರ ಪಕ್ಕದ ಟೇಬಲಿನವರನ್ನು ಕೇಳಬೇಕೆಂದು ತೋಚಿರಲಿಲ್ಲ. ಕೇಳಿದಾಗ ಅವರು ಅಲ್-ಫಾತಿಹಾದಿಂದ ಶುರುಮಾಡಿದರು. ಅದು ಕುರಾನಿನ ಮೊದಲ ಅಧ್ಯಾಯ, ಏಳು ಆಯತ್‌ಗಳು. ನಮಾಜಿನ ಒಂದೊಂದು ಸುತ್ತಾದ ಪ್ರತಿ ರಕಾತ್‌ನಲ್ಲೂ ಅದನ್ನು ಓದುತ್ತಾರೆ. ಸಕಲ ಲೋಕಗಳ ಒಡೆಯನ ಸ್ತುತಿ, ನೆಟ್ಟಗಿನ ದಾರಿ ತೋರು ಎಂಬ ಬೇಡಿಕೆ. ನಮ್ಮೂರಲ್ಲಿ ಓದಿಸುವ ಫಾತೆಹಾ ಎಂದರೆ ಇದೇ ಅಲ್ಲವೇ ಎಂದೆ. ಹೌದೆಂದರು. ಮುಲ್ಲಾ ನನ್ನ ಸಕ್ಕರೆಯ ಮೇಲೆ ಓದುತ್ತಿದ್ದದ್ದರಲ್ಲಿ ಇದೂ ಇತ್ತು. ಸಕ್ಕರೆ ತಿಂದಿದ್ದೆ, ಓದಿದ್ದೇನೆಂದು ಕೇಳಿರಲಿಲ್ಲ.

ನೋಡಿ, ಇಲ್ಲೂ ‘ಕೊನೆಗೆ ಎಲ್ಲ ಒಂದೇ’ ಎಂದು ಮುಗಿಸಿಬಿಡುವ ಆಸೆ ನನಗಾಗುತ್ತದೆ. ಒಂದೇ ಅಲ್ಲ. ದೇವರಿಗೆ ರೂಪವಿಲ್ಲ, ಜೊತೆಯವರಿಲ್ಲ ಎಂಬ ಅವರ ನಂಬಿಕೆಗೂ, ಪಂಜಾದ ಮುಂದೆ ಕೈಮುಗಿದ ನನ್ನ ಅವ್ವನ ನಂಬಿಕೆಗೂ ನಡುವೆ ನಿಜವಾದ ಅಂತರವಿದೆ. ಅಲಾಯಿ ನಿಲ್ಲಬಾರದು. ಅದನ್ನು ಹೊತ್ತು ಕುಣಿಯುವವರ ಭಕ್ತಿಯನ್ನು ಮೌಢ್ಯವೆಂದೋ ಬೆರಕೆಯೆಂದೋ ಹಳಿಯುವವರು ಯಾವ ಧರ್ಮದವರಾದರೂ ನಾನು ಒಪ್ಪುವುದಿಲ್ಲ. ಆದರೆ ಹಬ್ಬಕ್ಕೆ ಬಂದವರನ್ನು ಅಪ್ಪಿಕೊಳ್ಳುವುದರಲ್ಲಿ ದೊಡ್ಡಸ್ತಿಕೆಯೇನಿಲ್ಲ. ಬಾರದವರೂ ಅಷ್ಟೇ ನಮ್ಮವರು ಎಂದುಕೊಳ್ಳುವುದು ಕಷ್ಟ, ಮಾಡಬೇಕಾದದ್ದು ಅದೇ. ನನ್ನ ಹಾಗೆ ಶರೀಫರ ಹೆಸರು ಹೇಳಿ ಸಮಾಧಾನಪಟ್ಟುಕೊಳ್ಳುವವರಲ್ಲಿ ಒಂದು ವಿನಂತಿ: ನೆರೆಯವರ ಧರ್ಮದಲ್ಲಿ ನಿಮ್ಮದನ್ನು ಕಿಂಚಿತ್ತೂ ಹೋಲದ ಒಂದು ಸಂಗತಿಯನ್ನು ಅವರ ಬಾಯಿಂದಲೇ ಕೇಳಿ ತಿಳಿದುಕೊಳ್ಳಿ. ಒಪ್ಪಬೇಕೆಂದೇನಿಲ್ಲ, ಪೂರ್ತಿ ಕೇಳಿಸಿಕೊಳ್ಳಿ.