ಜೋಳವಿಲ್ಲದ ಜೋಳವಾಳಿ

ಕ್ರಿಯಾಪದವಿಲ್ಲದ ಒಂದು ಕನ್ನಡ ವಾಕ್ಯ ಹಲವು ವರ್ಷಗಳ ಕಾಲ ಬೆಂಗಳೂರಿನ ಬೇಸಗೆಯನ್ನು ಆಳಿತು. ‘ಈ ಸಲ ಕಪ್ ನಮ್ದೇ’ ಎಂಬುದೇ ಆ ವಾಕ್ಯ. ಐಪಿಎಲ್ ಕ್ರಿಕೆಟ್ಟಿನ ಬೆಂಗಳೂರು ತಂಡ ರಾಯಲ್ ಚಾಲೆಂಜರ್ಸ್‌ನ ಅಭಿಮಾನಿಗಳು ಹುಟ್ಟುಹಾಕಿದ ಈ ಘೋಷವನ್ನು ವ್ಯಾಕರಣದ ಕಣ್ಣಿನಿಂದ ನೋಡಿದರೆ, ಅದರ ಭಾರವೆಲ್ಲ ಎರಡು ಕಡೆ ಬೀಳುತ್ತದೆ. ‘ಈ ಸಲ’ ಎನ್ನುವಾಗಲೇ ಹಿಂದಿನ ಸಲಗಳಲ್ಲಿ ಅದು ದಕ್ಕಲಿಲ್ಲವೆಂಬ ಒಪ್ಪಿಗೆ ಅಡಗಿದೆ. ಕೊನೆಯ ಏಕಾರವಾದರೋ ಅವಧಾರಣೆ. ಸಂದೇಹಕ್ಕೆ ಎಡೆಯಿರುವಲ್ಲಿಯೇ ಅವಧಾರಣೆ ಬೇಕಾಗುತ್ತದೆ; ಕೈಯಲ್ಲಿ ಭದ್ರವಾಗಿರುವ ವಸ್ತುವನ್ನು ಯಾರೂ ‘ನನ್ನದೇ’ ಎಂದು ಒತ್ತಿ ಹೇಳುವುದಿಲ್ಲ. 2024ರ ಮಾರ್ಚ್ 17ರಂದು ದೆಹಲಿಯಲ್ಲಿ ಬೆಂಗಳೂರಿನ ಮಹಿಳಾ ತಂಡ ಕಪ್ ಗೆದ್ದಾಗ ನಾಯಕಿ ಸ್ಮೃತಿ ಮಂಧಾನ ಆ ಘೋಷವನ್ನು ‘ಈ ಸಲ ಕಪ್ ನಮ್ದು’ ಎಂದು ತಿದ್ದಿ ಹೇಳಿದರು. ವಸ್ತು ಕೈಸೇರಿದ ಗಳಿಗೆಯಲ್ಲಿ ಏಕಾರ ಉದುರಿತು.

ಪುರುಷರ ತಂಡದ ಅಭಿಮಾನಿಗಳಿಗೆ ಆ ಏಕಾರವನ್ನು ಕಳಚಲು ಇನ್ನೂ ಒಂದು ವರ್ಷ ಬೇಕಾಯಿತು. 2008ರಿಂದ 2024ರವರೆಗಿನ ಹದಿನೇಳು ಸರಣಿಗಳ ಕಥೆ ಸೋಲಿನ ಕಥೆಯೇ. 2008ರ ಏಪ್ರಿಲ್ 18ರಂದು, ಐಪಿಎಲ್‌ನ ಮೊಟ್ಟಮೊದಲ ಪಂದ್ಯ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆದಾಗ, ಬೆಂಗಳೂರು 82 ರನ್ನುಗಳಿಗೆ ಕುಸಿದು 140 ರನ್ನುಗಳಿಂದ ಸೋತಿತು. 2009ರ ಫೈನಲ್ ಪಂದ್ಯದಲ್ಲಿ, ದೂರದ ಜೋಹಾನ್ಸ್‌ಬರ್ಗಿನಲ್ಲಿ, ಅನಿಲ್ ಕುಂಬ್ಳೆ 16 ರನ್ನಿತ್ತು ನಾಲ್ಕು ವಿಕೆಟ್ ಪಡೆದು ಪಂದ್ಯಶ್ರೇಷ್ಠರೆನಿಸಿದರೂ ತಂಡ 6 ರನ್ನುಗಳಿಂದ ಸೋತಿತು. 2011ರ ಫೈನಲ್‌ನಲ್ಲಿ ಚೆನ್ನೈ 58 ರನ್ನುಗಳಿಂದ ಗೆದ್ದಿತು. 2013ರ ಏಪ್ರಿಲ್ 23ರಂದು 263 ರನ್ ಪೇರಿಸಿದ ಇದೇ ತಂಡ, ಸರಿಯಾಗಿ ನಾಲ್ಕು ವರ್ಷಗಳ ಬಳಿಕ ಅದೇ ದಿನಾಂಕದಂದು ಕೋಲ್ಕತ್ತದಲ್ಲಿ 49 ರನ್ನುಗಳಿಗೆ ಆಟ ಮುಗಿಸಿತು. ಯಾವಾಗಲೂ ದುರ್ಬಲವಾಗಿರುವ ತಂಡದ ಅಭಿಮಾನಿಗೆ ಒಂದು ಬಗೆಯ ನೆಮ್ಮದಿಯಿದೆ. ಅವನು ಏನನ್ನೂ ನಿರೀಕ್ಷಿಸುವುದಿಲ್ಲ. ಗೆಲುವಿನ ಹೊಸ್ತಿಲವರೆಗೆ ಕರೆದೊಯ್ದು ಅಲ್ಲಿಂದ ಹಿಂದಿರುಗಿಸುವ ತಂಡದ ಅಭಿಮಾನಿಗೆ ಆ ನೆಮ್ಮದಿಯೂ ಇಲ್ಲ.

ಪಶ್ಚಿಮ ಬೆಂಗಳೂರಿನ ದೀಪಾಂಜಲಿ ನಗರಕ್ಕೆ ಈ ಕಥೆಯ ಒಂದು ಅಧ್ಯಾಯ ವಿಶೇಷವಾಗಿ ಸೇರಿದ್ದು. ಮೈಸೂರು ರಸ್ತೆ, ಸಾರಿಗೆ ಸಂಸ್ಥೆಯ ಬಸ್ ಡಿಪೋ, ಹೆಸರಿಗಷ್ಟೇ ನದಿಯಾಗಿ ಉಳಿದ ವೃಷಭಾವತಿ ಇವುಗಳ ನೆರೆಯಲ್ಲಿ ಬೆಳೆದ ಈ ಬಡಾವಣೆಗೆ ಮೆಟ್ರೊ ನಿಲ್ದಾಣ ಬಂದದ್ದು 2015ರ ನವೆಂಬರಿನಲ್ಲಿ. ಆಗ ರೈಲು ಮಾಗಡಿ ರಸ್ತೆಯಲ್ಲೇ ನಿಂತುಬಿಡುತ್ತಿತ್ತು. 2016ರ ಏಪ್ರಿಲ್ ಕೊನೆಗೆ ಸುರಂಗಮಾರ್ಗ ತೆರೆದು ನೇರಳೆ ಮಾರ್ಗದ ಎರಡು ತುಂಡುಗಳು ಕೂಡಿಕೊಂಡವು. ಅಂದಿನಿಂದ ದೀಪಾಂಜಲಿ ನಗರದಲ್ಲಿ ಹತ್ತಿದವರು ಅತ್ತಿಗುಪ್ಪೆ, ವಿಜಯನಗರ, ಮೆಜೆಸ್ಟಿಕ್‌ಗಳನ್ನು ದಾಟಿ ಒಂಬತ್ತನೆಯ ನಿಲ್ದಾಣವಾದ ಕಬ್ಬನ್ ಪಾರ್ಕಿನಲ್ಲಿ ಇಳಿದರೆ ಎದುರಿಗೇ ಚಿನ್ನಸ್ವಾಮಿ ಕ್ರೀಡಾಂಗಣ. ಹೀಗೆ ದಾರಿ ತೆರೆದು ಒಂದು ತಿಂಗಳು ಕಳೆಯುವಷ್ಟರಲ್ಲಿ, ಮೇ 29ರಂದು, ಅದೇ ಕ್ರೀಡಾಂಗಣದಲ್ಲಿ ಫೈನಲ್ ಪಂದ್ಯ ನಡೆಯಿತು. ಆ ವರ್ಷ ವಿರಾಟ್ ಕೊಹ್ಲಿ ನಾಲ್ಕು ಶತಕಗಳೊಡನೆ 973 ರನ್ ಗಳಿಸಿದ್ದರು. 209ರ ಗುರಿಯೆದುರು ಗೇಲ್ ಮತ್ತು ಕೊಹ್ಲಿ ಮೊದಲ ವಿಕೆಟಿಗೆ 114 ರನ್ ಸೇರಿಸಿದರು. ಊರಿಗೆ ಊರೇ ಗೆದ್ದೆವೆಂದುಕೊಂಡ ಮೇಲೆ ತಂಡ 200ಕ್ಕೆ ನಿಂತು 8 ರನ್ನುಗಳಿಂದ ಸೋತಿತು. ಹೊಸ ರೈಲು ಅಭಿಮಾನಿಗಳನ್ನು ಕರೆದೊಯ್ದಷ್ಟೇ ಸುಗಮವಾಗಿ ಹಿಂದಕ್ಕೂ ತಂದಿತು. ಕೆಂಪು ಅಂಗಿಗಳಿಂದ ತುಂಬಿದ ಬೋಗಿಯಲ್ಲಿ ಮಾತಿಗೆ ಮಾತ್ರ ಜಾಗವಿರಲಿಲ್ಲ.

ಸೋಲಿನ ಮರುದಿನದ ಮಾತು ಭಾಷಾವಿದ್ಯಾರ್ಥಿಗಳು ಕಿವಿಗೊಡಬೇಕಾದ ಮಾತು. ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ಚಿಯಾಲ್ಡೀನಿ ಮತ್ತು ಅವರ ಸಂಗಡಿಗರು 1976ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ ಗೆಲುವನ್ನು ವಿವರಿಸುವ ವಿದ್ಯಾರ್ಥಿಗಳು ‘ನಾವು’ ಎಂದೂ, ಸೋಲನ್ನು ವಿವರಿಸುವಾಗ ‘ಅವರು’ ಎಂದೂ ಹೇಳುವ ಒಲವನ್ನು ಗುರುತಿಸಿತು. ಕನ್ನಡದಲ್ಲಿ ಇದಕ್ಕೆ ಸರ್ವನಾಮವೇ ಬೇಕಿಲ್ಲ, ಆಖ್ಯಾತಪ್ರತ್ಯಯ ಸಾಕು: ಗೆದ್ವಿ, ಸೋತ್ರು. ಒಂದೇ ಬಾಯಲ್ಲಿ, ಒಂದೇ ವಾರದಲ್ಲಿ ಉತ್ತಮ ಪುರುಷವು ಪ್ರಥಮ ಪುರುಷಕ್ಕೆ ಜಾರುತ್ತದೆ. ಆದರೆ ದೀರ್ಘಕಾಲ ಸೋತ ತಂಡದ ಹಳೆಯ ಅಭಿಮಾನಿಯನ್ನು ಗುರುತಿಸುವುದೂ ಈ ಪ್ರತ್ಯಯದಿಂದಲೇ. ಡಿಪೋ ಬದಿಯ ಚಹಾದಂಗಡಿಯಲ್ಲಿ, ರಾತ್ರಿ ಪಾಳಿ ಮುಗಿಸಿ ನಿಂತವರ ನಡುವೆ, ‘ಸೋತ್ವಿ’ ಎಂದು ತಲೆ ತಗ್ಗಿಸಿ ಹೇಳುವವನೊಬ್ಬ ಇರುತ್ತಾನೆ. ಅವನು ಬ್ಯಾಟು ಹಿಡಿದವನಲ್ಲ, ಕ್ಯಾಚು ಬಿಟ್ಟವನಲ್ಲ. ಆದರೂ ತಪ್ಪಿನಲ್ಲಿ ಪಾಲು ತನಗಿರಲೆಂದು ಕೇಳಿ ಪಡೆಯುವವನಂತೆ ಮಾತಾಡುತ್ತಾನೆ.

ಈ ‘ಸೋತ್ವಿ’ ಎಂಬ ಮಾತಿಗೆ ಆಧಾರವೇನು? ಕಾಲೇಜು ತಂಡಗಳ ವಿಷಯದಲ್ಲಿ ಉತ್ತರ ಸುಲಭ. ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್ ವಿಜ್ಞಾನಸಂಸ್ಥೆಯ ಪುರುಷರ ಬ್ಯಾಸ್ಕೆಟ್‌ಬಾಲ್ ತಂಡ 1985ರಿಂದ 2011ರವರೆಗೆ ತನ್ನ ಲೀಗಿನಲ್ಲಿ ಸತತ 310 ಪಂದ್ಯಗಳನ್ನು ಸೋತಿತು. 2011ರ ಫೆಬ್ರವರಿಯಲ್ಲಿ ಒಂದೇ ಒಂದು ಅಂಕದ ಅಂತರದಿಂದ, 46-45ರಲ್ಲಿ, ಆ ಸರಪಳಿ ಕಡಿಯಿತು. ಅಲ್ಲಿ ಸೋಲುತ್ತಿದ್ದವನು ನೋಡುವವನ ಸಹಪಾಠಿ, ಪ್ರಯೋಗಶಾಲೆಯಲ್ಲಿ ಪಕ್ಕದ ಮೇಜಿನವನು. ಅವನ ಸೋಲು ನೆರೆಮನೆಯ ಸೋಲು. ಬೆಂಗಳೂರಿನ ತಂಡದ ವಿಷಯ ಹಾಗಲ್ಲ. 2008ರಲ್ಲಿ ಒಂದು ಉದ್ಯಮಸಮೂಹ 11.16 ಕೋಟಿ ಡಾಲರಿಗೆ ಕೊಂಡ ತಂಡವದು. ಆಟಗಾರರು ಹರಾಜಿನಲ್ಲಿ ಬರುತ್ತಾರೆ, ಹರಾಜಿನಲ್ಲಿ ಹೋಗುತ್ತಾರೆ. 2025ರ ಏಪ್ರಿಲ್ 10ರಂದು ಚಿನ್ನಸ್ವಾಮಿಯಲ್ಲಿ ಬೆಂಗಳೂರನ್ನು ಸೋಲಿಸಿದ್ದು ದೆಹಲಿಯ ಅಂಗಿ ತೊಟ್ಟ ಕೆ. ಎಲ್. ರಾಹುಲ್. ಅಜೇಯ 93 ರನ್ ಹೊಡೆದ ಆ ಕನ್ನಡಿಗ, ಬ್ಯಾಟಿನಿಂದ ನೆಲದ ಮೇಲೆ ವೃತ್ತ ಗೀಚಿ, ಬ್ಯಾಟನ್ನು ಅದರೊಳಗೆ ಊರಿ, ಇದು ತನ್ನ ನೆಲವೆಂದು ತೋರಿಸಿದರು. ಸೋತ ತಂಡದ ಅಂಗಿ ತೊಟ್ಟು ಕುಳಿತಿದ್ದ ಪ್ರೇಕ್ಷಕನಿಗೆ ಆ ಕ್ಷಣದಲ್ಲಿ ‘ನಮ್ಮವರು’ ಯಾರೆಂಬ ಪ್ರಶ್ನೆ ಎದುರಾಗಿರಲೇಬೇಕು.

ಇನ್ನೊಂದು ಸಂಗತಿಯೂ ಇದೆ. ನೆಲದ ನಂಟೇ ಅಭಿಮಾನದ ಬೇರಾಗಿದ್ದರೆ ಅದಕ್ಕೆ ರಣಜಿ ತಂಡವಿತ್ತು. ಮೈಸೂರು ಎಂಬ ಹೆಸರಿನಲ್ಲಿ ಆಡುತ್ತಿದ್ದಾಗ ಅದು 1941-42ರಲ್ಲಿಯೂ 1959-60ರಲ್ಲಿಯೂ ಫೈನಲ್ ತಲುಪಿ ಮುಂಬಯಿಗೆ ಸೋತಿತ್ತು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದ ಮೊದಲ ಋತುವಿನಲ್ಲೇ, 1973-74ರಲ್ಲಿ, ಪ್ರಸನ್ನ ಅವರ ನಾಯಕತ್ವದಲ್ಲಿ ಅದೇ ಮುಂಬಯಿಯ ಸತತ ಹದಿನೈದು ವರ್ಷಗಳ ಆಳಿಕೆಯನ್ನು ಮುರಿದು ಪ್ರಶಸ್ತಿ ಗೆದ್ದಿತು. 2013-14 ಮತ್ತು 2014-15ರಲ್ಲಿ ಬೆನ್ನುಬೆನ್ನಿಗೆ ಗೆದ್ದಿತು. ಬೆಂಗಳೂರು ಐಪಿಎಲ್‌ನಲ್ಲಿ ಸೋಲುತ್ತಿದ್ದ ವರ್ಷಗಳೇ ಅವು. ಆದರೆ ಆ ಗೆಲುವುಗಳ ಹೆಸರಿನಲ್ಲಿ ಯಾರೂ ಆಟೋ ಬೆನ್ನಿಗೆ ಅಕ್ಷರ ಬರೆಸಲಿಲ್ಲ. ತನ್ನ ಮಕ್ಕಳ ಗೆಲುವನ್ನು ಊರು ಪತ್ರಿಕೆಯಲ್ಲಿ ಓದಿ ಮಡಿಸಿಟ್ಟಿತು. ಕೊಂಡು ತಂದವರ ಸೋಲಿಗೆ ಕಣ್ಣೀರಿಟ್ಟಿತು. ಜಾಹೀರಾತಿನ ಬಲ, ಹೊನಲು ಬೆಳಕು, ದೂರದರ್ಶನದ ಹೊತ್ತು ಎಂದೆಲ್ಲ ಕಾರಣ ಕೊಡಬಹುದು. ಮೊದಲ ನೋಟಕ್ಕೆ ಅವು ಸಾಕು. ಹದಿನೇಳು ಸೋಲುಗಳ ನಂತರವೂ ಬಿಟ್ಟುಹೋಗದಿರುವುದಕ್ಕೆ ಸಾಲವು.

ಇದಕ್ಕೆ ಹಳಗನ್ನಡದ ಲೋಕದಲ್ಲಿ ಒಂದು ಪದವಿದೆ. ಒಡೆಯನ ಜೋಳವನ್ನುಂಡವನು ಆ ಋಣಕ್ಕೆ ಪ್ರಾಣ ತೆರುವ ಕಟ್ಟಳೆಯನ್ನು ಶಾಸನಗಳು ಜೋಳವಾಳಿ ಎನ್ನುತ್ತವೆ, ಎಂ. ಚಿದಾನಂದಮೂರ್ತಿಯವರು 1966ರಲ್ಲಿ ಪ್ರಕಟವಾದ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ದಲ್ಲಿ ಜೋಳವಾಳಿ, ವೇಳೆವಾಳಿಗಳನ್ನು ವಿಸ್ತಾರವಾಗಿ ಚರ್ಚಿಸಿದ್ದಾರೆ. ಕಾವ್ಯದಲ್ಲಿ ಈ ಮೌಲ್ಯದ ಉತ್ತುಂಗ ಪಂಪನ ಕರ್ಣ. ಹುಟ್ಟಿನ ಗುಟ್ಟು ತಿಳಿದ ಮೇಲೆ ಅವನಿಗೆ ಗೆಲ್ಲುವ ಪಕ್ಷಕ್ಕೆ ಹೋಗಲು ದಾರಿ ತೆರೆದಿತ್ತು, ರಕ್ತಸಂಬಂಧದ ಸಮರ್ಥನೆಯೂ ಇತ್ತು. ಅವನು ಹೋಗಲಿಲ್ಲ. ಹೋಗದಿರುವುದಕ್ಕೆ ಅವನು ಕೊಡುವ ನಿದರ್ಶನ ಒಂದು ಆಟದ್ದೇ ಎಂಬುದು ಇಲ್ಲಿ ಗಮನಾರ್ಹ: ನೆತ್ತದಲ್ಲಿ ಭಾನುಮತಿ ಸೋತದ್ದು, ಪಣಕ್ಕಾಗಿ ಕಾಡುವಾಗ ಸರ ಹರಿದು ಮುತ್ತು ಚೆಲ್ಲಿದ್ದು, ದುರ್ಯೋಧನನು ಕಿಂಚಿತ್ತೂ ಶಂಕಿಸದೆ ಮುತ್ತುಗಳನ್ನು ಆಯಬೇಕೆ ಎಂದು ಕೇಳಿದ್ದು. ಅಂಥವನನ್ನು ಬಿಟ್ಟು ಬಂದರೆ ತಾನು ಏನಾದೇನೆಂಬುದು ಕರ್ಣನ ಪ್ರಶ್ನೆ. ಆ ನಿಷ್ಠೆಯ ಹಿಂದೆ ಒಂದು ನಂಬುಗೆಯಿದೆ, ಅದನ್ನು ಮೊದಲು ತೋರಿದವನು ಒಡೆಯ.

ಅಭಿಮಾನಿಯ ನಿಷ್ಠೆಯೂ ಜೋಳವಾಳಿಯೇ, ಆದರೆ ಅದರಲ್ಲಿ ಜೋಳವಿಲ್ಲ. ಅವನಿಗೆ ತಂಡದಿಂದ ಬಂದದ್ದೇನೂ ಇಲ್ಲ. ಟಿಕೆಟಿಗೂ ಅಂಗಿಗೂ ತೆತ್ತವನು ಅವನೇ. ಆಟಗಾರ ಇನ್ನೊಂದು ತಂಡಕ್ಕೆ ಹೋದರೆ ಅದು ವೃತ್ತಿ, ಒಡೆತನ ಕೈ ಬದಲಿಸಿದರೆ ಅದು ವ್ಯವಹಾರ. ಅಭಿಮಾನಿ ಪಕ್ಷ ಬದಲಿಸಿದರೆ ಮಾತ್ರ ಅದು ದ್ರೋಹ. ಮೂವರಲ್ಲಿ ಕರ್ಣನ ಕಟ್ಟಳೆ ಉಳಿದಿರುವುದು ಏನನ್ನೂ ಪಡೆಯದವನಲ್ಲಿ. ಅವನ ಹತಾಶೆಯ ತಿರುಳು ಇಲ್ಲಿದೆ. ಸೋಲಿಗಿಂತ ಹೆಚ್ಚಾಗಿ ಕಾಡುವುದು, ತಾನು ಹೊತ್ತಿರುವ ಋಣದ ಲೆಕ್ಕ ಎದುರುಪಕ್ಕದಲ್ಲಿ ಯಾರ ಬಳಿಯೂ ಇಲ್ಲವೆಂಬ ಅರಿವು.

ಸೋತವರ ಪರವಾಗಿ ನಿಲ್ಲುವುದು ಕನ್ನಡ ಕಾವ್ಯಕ್ಕೆ ಹೊಸತಲ್ಲ. ರನ್ನ ತನ್ನ ಕೃತಿಗೆ ‘ಸಾಹಸಭೀಮವಿಜಯ’ವೆಂದು ಗೆದ್ದವನ ಹೆಸರನ್ನೇ ಇಟ್ಟ. ಆದರೆ ಓದುಗ ನಡೆಯುವುದು ಹೆಣಗಳ ನಡುವೆ ಒಂಟಿಯಾಗಿ ಸಾಗುವ ದುರ್ಯೋಧನನ ಜೊತೆಯಲ್ಲಿ. ದ್ರೋಣ, ದುಶ್ಶಾಸನ, ಕರ್ಣರಿಗಾಗಿ ಅಳುವ, ಶತ್ರುವಿನ ಮಗ ಅಭಿಮನ್ಯುವನ್ನೂ ಮನಸಾರೆ ಹೊಗಳುವ ದುರ್ಯೋಧನನ ಜೊತೆಯಲ್ಲಿ. ಅವನಾದರೋ ತನ್ನ ಯುದ್ಧವನ್ನು ತಾನೇ ಹೂಡಿ ತಾನೇ ಸೋತವನು. ಅವನಿಗೆ ಛಲವೆಂಬ ಗುಣವಿದೆ, ಗದೆಯಿದೆ, ಕೊನೆಗೊಂದು ಕಾಳಗವಿದೆ. ಅಭಿಮಾನಿಗೆ ಛಲವುಂಟು, ಗದೆಯಿಲ್ಲ. ಆದ್ದರಿಂದಲೇ ಅವನು ಕಾವ್ಯದ ನಾಯಕನಾಗಲಾರ. ಕುರುಕ್ಷೇತ್ರದಲ್ಲಿ ಹೆಸರಿಲ್ಲದೆ ಬಿದ್ದ ಅಕ್ಷೌಹಿಣಿಗಳ ಸಾಲಿಗೆ ಸೇರುವವನು.

2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಬೆಂಗಳೂರು ಗೆದ್ದಿತು. 190ಕ್ಕೆ ಎದುರಾಗಿ ಪಂಜಾಬ್ 184. ಅಂತರ 6 ರನ್, 2009ರಲ್ಲಿ ಸೋತಷ್ಟೇ. ನಡುರಾತ್ರಿ ಮೈಸೂರು ರಸ್ತೆಯಲ್ಲಿ ಪಟಾಕಿ ಸಿಡಿಯಿತು, ಏಕಾರ ಉದುರಿತು. ಮರುದಿನ ಮಧ್ಯಾಹ್ನ ತಂಡವನ್ನು ನೋಡಲು ಜನ ಹೊರಟರು. ಒಂಬತ್ತು ನಿಲ್ದಾಣಗಳ ಅದೇ ದಾರಿ. ಜನಸಂದಣಿ ಮಿತಿಮೀರಿದಾಗ ರೈಲುಗಳು ಕಬ್ಬನ್ ಪಾರ್ಕಿನಲ್ಲಿ ನಿಲ್ಲದೆ ಮುಂದೆ ಸಾಗಿದವು. ಕ್ರೀಡಾಂಗಣದ ಬಾಗಿಲುಗಳ ಬಳಿ ನಡೆದ ಕಾಲ್ತುಳಿತದಲ್ಲಿ 11 ಮಂದಿ ಸತ್ತರು. ಹೆಚ್ಚಿನವರು ಎಳೆಯ ಪ್ರಾಯದವರು. ತಂಡದ ಮೊದಲ ಪಂದ್ಯ ನಡೆದಾಗ ಅವರಲ್ಲಿ ಕೆಲವರು ಇನ್ನೂ ಹುಟ್ಟಿರಲಿಲ್ಲ.

ಗೆಲುವನ್ನು ಗೆದ್ದ ಗಳಿಗೆಯಲ್ಲೇ ಪರೀಕ್ಷಿಸಿ ನೋಡಿದ ಕವಿ ಪಂಪ. ‘ಆದಿಪುರಾಣ’ದಲ್ಲಿ ಸೈನ್ಯಗಳ ಸಂಹಾರವನ್ನು ತಪ್ಪಿಸಲೆಂದೇ ಭರತ, ಬಾಹುಬಲಿಗಳ ನಡುವೆ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳು ಏರ್ಪಡುತ್ತವೆ. ರಾಜರ ಜಗಳಕ್ಕೆ ಜನ ಸಾಯಬಾರದೆಂಬ ವಿವೇಕ ಆ ಪಂದ್ಯಗಳ ಮೂಲ. ಕಾಳಗದ ಬದಲಿಗೆ ಆಟವನ್ನು ಇಡುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇರೆಯಿಲ್ಲ. ಆಟಕ್ಕಾಗಿಯೇ ಜನ ಸತ್ತಾಗ ಆ ಕಾರಣವೇ ತಲೆಕೆಳಗಾಗುತ್ತದೆ.

ಬೆಂಗಳೂರು ಎಂಬ ಹೆಸರು ಕಾಣಿಸುವ ಅತ್ಯಂತ ಹಳೆಯ ಬರಹಗಳಲ್ಲಿ ಒಂದು ಬೇಗೂರಿನ ದೇವಾಲಯದ ಆವರಣದಲ್ಲಿದೆ. ಸುಮಾರು 890ರದೆಂದು ಗುರುತಿಸಲಾದ ಆ ಪುಟ್ಟ ಶಾಸನ ‘ಬೆಂಗಳೂರ ಕಾಳಗ’ವನ್ನು ಹೆಸರಿಸಿ, ಅದರಲ್ಲಿ ನಾಗತ್ತರನ ಕಡೆಯವರು ಸತ್ತದ್ದನ್ನು ದಾಖಲಿಸುತ್ತದೆ. ಕಾಳಗವನ್ನು ಗೆದ್ದವರು ಯಾರೆಂದು ಅದು ಹೇಳುವುದಿಲ್ಲ. ಕಲ್ಲಿಗೆ ಅದು ಮುಖ್ಯವಾಗಿ ತೋರಿಲ್ಲ. ಸತ್ತವನು ಯಾರು, ಯಾರ ಮನೆಯವನು ಎಂಬುದಷ್ಟೇ ಸಾಕೆಂದು ಕಂಡರಿಸಿದವರು ಬಗೆದರು.

ಕ್ರಿಕೆಟ್ಟಿನ ದಾಖಲೆಪುಸ್ತಕ 6 ರನ್ನುಗಳ ಗೆಲುವನ್ನು ನೆನಪಿಡುತ್ತದೆ. ಅದರ ಕೆಲಸವೇ ಅದು. ಹನ್ನೊಂದು ಹೆಸರುಗಳನ್ನು ನೆನಪಿಡುವುದು ಊರಿನ ಕೆಲಸ. ಜೋಳವಾಳಿಯ ಕಟ್ಟಳೆಯಲ್ಲಿ ಸತ್ತವನಿಗಾಗಿ ಒಡೆಯನು ಕಲ್ಲು ನಿಲ್ಲಿಸುತ್ತಿದ್ದ, ಉಳಿದವರಿಗೆ ಭೂಮಿ ಬಿಡುತ್ತಿದ್ದ. ಋಣ ಎರಡೂ ಕಡೆಗೆ ಹರಿಯುತ್ತಿತ್ತು. ದೀಪಾಂಜಲಿ ನಗರದ ನಿಲ್ದಾಣದಲ್ಲಿ ಮುಂದಿನ ಬೇಸಗೆಗಳಲ್ಲಿಯೂ ಕೆಂಪು ಅಂಗಿಗಳು ರೈಲು ಹತ್ತುತ್ತವೆ, ತಂಡ ಸೋತರೂ ಹತ್ತುತ್ತವೆ. ಅವರಿಗೆ ಕಪ್ಪು ಸಲ್ಲಬೇಕೆಂಬ ಕಟ್ಟಳೆ ಎಲ್ಲಿಯೂ ಇಲ್ಲ. ಬೆಳಿಗ್ಗೆ ಮನೆಯಿಂದ ಹೋದವರು ರಾತ್ರಿ ಮನೆಗೆ ಮರಳಬೇಕೆಂಬ ಕಟ್ಟಳೆಯಾದರೂ ಇರಬೇಕು.