ಪೈರೈಟ್ ಹರಳಿನ ಐದನೆಯ ಅಂಚು

ಪೈರೈಟ್ ಹರಳು. ಹಿತ್ತಾಳೆಯ ಹೊಳಪು, ಹನ್ನೆರಡು ಮುಖ, ಮುಖಕ್ಕೆ ಐದಂಚು. ರೇಖಾಗಣಿತದ ಸಮ ದ್ವಾದಶಮುಖಿಯನ್ನೇ ಭೂಮಿ ಬೆಳೆಸಿಕೊಟ್ಟಿದೆ ಅನ್ನಿಸುತ್ತದೆ. ಚೆನ್ನಾಗಿ ಬೆಳೆದ ಹರಳಿಗೆ ಸ್ಕೇಲ್ ಹಿಡಿದರೆ ಗೊತ್ತಾಗುತ್ತದೆ: ನಾಲ್ಕಂಚು ಸಮ, ಐದನೆಯದು ಅವಕ್ಕಿಂತ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಉದ್ದ.

ಏಕೆ? ಫ್ರಾನ್ಸಿನ ಪಾದ್ರಿ ರೆನೆ ಜೂಸ್ಟ್ ಆಯುಯಿ ಹದಿನೆಂಟನೇ ಶತಮಾನದ ಕೊನೆಗೆ ಯೋಚಿಸಿದಂತೆ ಪುಟ್ಟ ಘನಗಳನ್ನು ಪೇರಿಸಿ ನೋಡಬೇಕು. ಪ್ರತಿ ಪದರದಲ್ಲೂ ಎರಡು ಘನ ಒಳಕ್ಕೆ ಸರಿದು, ಒಂದು ಘನ ಮೇಲಕ್ಕೆ. ಮೆಟ್ಟಿಲು ಕಣ್ಣಿಗೆ ಕಾಣದಷ್ಟು ಸಣ್ಣದಾದರೆ ಅದೇ ಈ ಓರೆ ಮುಖ. ಓರೆಯ ಅಳತೆ 2.

ಸಮ ದ್ವಾದಶಮುಖಿಗೆ ಬೇಕಾದ ಓರೆ 1.618..., ಅಂದರೆ x² = x + 1 ಎಂಬ ಸಮೀಕರಣದ ಧನ ಮೂಲ. ಅದರೊಳಗೆ √5 ಕೂತಿದೆ. ಎಷ್ಟು ಘನ ಸರಿಸಿ ಎಷ್ಟು ಘನ ಏರಿಸಿದರೂ ಆ ಸಂಖ್ಯೆ ಸಿಗುವುದಿಲ್ಲ. ಶಾಲೆಯಲ್ಲಿ ಬಿಡಿಸುವ ವರ್ಗಸಮೀಕರಣವೊಂದು ಕಲ್ಲಿನ ಆಕಾರಕ್ಕೆ ತಡೆ ಹಾಕುತ್ತದಲ್ಲ! ಇದು ನನಗೆ ಇನ್ನೂ ಅರಗಿಲ್ಲ.

3:2, 5:3, 8:5 ಹತ್ತಿರ ಹತ್ತಿರ ಬರುತ್ತವೆ. ಆದರೂ ಪೈರೈಟ್ ಸಾಮಾನ್ಯವಾಗಿ 2:1ಕ್ಕೇ ನಿಲ್ಲುತ್ತದೆ. ಸಣ್ಣ ಸಂಖ್ಯೆಯ ಮುಖಗಳಲ್ಲಿ ಪರಮಾಣುಗಳು ದಟ್ಟ. ಅವು ನಿಧಾನವಾಗಿ ಬೆಳೆಯುತ್ತವೆ, ನಿಧಾನವಾದವೇ ಕೊನೆಗೆ ಉಳಿಯುತ್ತವೆ.

ಇನ್ನೊಂದು ಕಡೆಯಿಂದ. ಘನವನ್ನು ಅದರ ಜಾಗದಲ್ಲೇ 24 ಬಗೆಯಲ್ಲಿ ತಿರುಗಿಸಬಹುದು. ಅದರ ನಾಲ್ಕು ಒಡಲ ಕರ್ಣಗಳು ಎಲ್ಲ 24 ಕ್ರಮಗಳಲ್ಲೂ ಅದಲುಬದಲಾಗುತ್ತವೆ. ನಾಲ್ಕನೇ ಘಾತದ ಸಮೀಕರಣದ ನಾಲ್ಕು ಮೂಲಗಳೂ ಹಾಗೆಯೇ, ಅದನ್ನು ಬಿಡಿಸಲು ಸೂತ್ರವಿದೆ. ದ್ವಾದಶಮುಖಿಗೆ 60 ತಿರುವು. ಐದನೇ ಘಾತಕ್ಕೆ ಅಂಥ ಸಾಮಾನ್ಯ ಸೂತ್ರವಿಲ್ಲವೆಂದು ಗಣಿತಜ್ಞ ಆಬೆಲ್ 1824ರಲ್ಲಿ ತೋರಿಸಿದ. ಐದು ಮೂಲಗಳ ಅದಲುಬದಲಿನೊಳಗೆ ಅಡ್ಡ ನಿಂತಿರುವುದು ಆ 60ರ ಗುಂಪೇ. ಫೆಲಿಕ್ಸ್ ಕ್ಲೈನ್ 1884ರಲ್ಲಿ ಈ ನಂಟಿನ ಮೇಲೇ ಪುಸ್ತಕ ಬರೆದ.

ಹಾಗಾದರೆ ಕಲ್ಲೂ ಸೂತ್ರವೂ ಒಂದೇ ಕಾರಣಕ್ಕೆ ಸೋಲುತ್ತವೆಯೇ? ಹೌದೆನ್ನಲು ಆಸೆ. ಆದರೆ x⁵ = 1 ಅನ್ನು ಸುಲಭವಾಗಿ ಬಿಡಿಸಬಹುದು. ಹರಳಿಗೋ ಐದರಲ್ಲೊಂದು ಸುತ್ತಿನ ಒಂಟಿ ತಿರುವೇ ಸಲ್ಲದು. ಸೂತ್ರವನ್ನು ಕೆಡಿಸುವುದು 60 ತಿರುವುಗಳ ಹೆಣಿಗೆ. ಕಾರಣ ಬೇರೆ, ಆಕಾರ ಒಂದೇ.

1982ರಲ್ಲಿ ಡಾನ್ ಶೆಖ್ಟ್‌ಮನ್ ಅಲ್ಯೂಮಿನಿಯಂ–ಮ್ಯಾಂಗನೀಸ್ ಮಿಶ್ರಲೋಹದಲ್ಲಿ, ಹರಳಿಗೆ ಸಲ್ಲದ ಆ ಐದರ ಸಮ್ಮಿತಿಯನ್ನೇ ಕಂಡರು. 2011ರಲ್ಲಿ ನೊಬೆಲ್ ಬಂತು. ಹೋಲ್ಮಿಯಂ–ಮೆಗ್ನೀಸಿಯಂ–ಸತುವಿನ ಇಂಥ ಅರೆಹರಳು (ಕ್ವಾಸಿಕ್ರಿಸ್ಟಲ್) ನಿಜಕ್ಕೂ ಸಮ ದ್ವಾದಶಮುಖಿಯಾಗಿ ಬೆಳೆಯುತ್ತದೆ. ಅದರ ಮುಖಗಳನ್ನು ಗುರುತಿಸಲು ಮೂರು ಪೂರ್ಣಾಂಕ ಸಾಲದು, ಆರು ಬೇಕು: ಆರು ಆಯಾಮದ ಘನಜಾಲವನ್ನು ಓರೆಯಾಗಿ ಕೊಯ್ದ ಹೋಳು ಅದು ಎಂದು ಲೆಕ್ಕ ಹೇಳುತ್ತದೆ.