ಏಳು ತಂತಿಯೂ ಗಾಜಿನ ವಾಲ್ವೂ

ತಿ. ನರಸೀಪುರದ ತಿರುಮಕೂಡಲಿನಲ್ಲಿ 1895ರಲ್ಲಿ ಜನಿಸಿದ ಪಿಟೀಲು ಚೌಡಯ್ಯನವರು ಕಚೇರಿಗಿಳಿದ ಕಾಲದಲ್ಲಿ ಸಭೆಗಳು ದೊಡ್ಡವಾಗಿದ್ದುವು, ಧ್ವನಿವರ್ಧಕವಾದರೋ ವಿರಳ. ಕಡೆಯ ಸಾಲಿನವರಿಗೂ ನಾದವು ಮುಟ್ಟಲೆಂದು ಅವರು 1920ರ ದಶಕದಲ್ಲಿ ನಾಲ್ಕು ತಂತಿಗಳಿಗೆ ಮೂರನ್ನು ಕೂಡಿಸಿ ಏಳಾಗಿಸಿದರು.

ನಂಜನಗೂಡಿನ ಹಳೆಯ ಮನೆಯೊಂದರಲ್ಲಿ ಅವರ ತಟ್ಟೆಗಳನ್ನು ಇಂದಿಗೂ ವಾಲ್ವಿನ ಧ್ವನಿವರ್ಧಕದಿಂದಲೇ ಕೇಳುವರು. ಗುಂಡಿ ತಿರುಗಿಸಿದೊಡನೆ ಅದು ನುಡಿಯದು. ಗಾಜಿನೊಳಗಿನ ತಂತು ಕೆಂಪಗೆ ಕಾಯುವವರೆಗೂ ತಾಳ್ಮೆ ಬೇಕು. ಅನಂತರ ಮಂದ್ರದಲ್ಲಿ ಕಮಾನಿನ ಒತ್ತು ತುಂಬಿ ಬರುವುದು. ತಾರದಲ್ಲಿ ಕರ್ಕಶತೆ ಕಾಣದು. ಮನೆಯ ಹೊಸ ಟ್ರಾನ್ಸಿಸ್ಟರ್ ಯಂತ್ರದಲ್ಲಿ ಅದೇ ತಟ್ಟೆಯ ಗೀರು ಮೊದಲು ಕೇಳಿಸುವುದು, ಪಿಟೀಲು ಆಮೇಲೆ. ವಾಲ್ವು ಮೂಲದಲ್ಲಿಲ್ಲದ ಅಂಶವನ್ನು ಕೂಡಿಸುವುದೂ ದಿಟವೇ. ಆದರೆ ಇಂಥ ಹಲವು ಯಂತ್ರಗಳಲ್ಲಿ ಆ ಅಂಶದೊಳಗೆ ಪ್ರಧಾನವಾದುದು ಇಮ್ಮಡಿ ಕಂಪನ, ಎಂದರೆ ಅದೇ ಸ್ವರದ ಮೇಲಣ ಸ್ಥಾಯಿ. ಷಡ್ಜಕ್ಕೆ ತಾರಷಡ್ಜವು ಪರಕೀಯವೆ? ಕಿವಿಯು ಆ ದೋಷವನ್ನು ಗುಣವೆಂದೇ ಬಗೆಯುವುದು.

ವಾಲ್ವಿನ ಆಯುಸ್ಸು ಉರಿದಷ್ಟೂ ಸವೆಯುವುದು. ಸವೆದರೆ ಬದಲಿ ಸಿಕ್ಕುವುದು ಕಷ್ಟ. ಆದುದರಿಂದ ಮನೆಯ ಯಜಮಾನರು ಅದನ್ನು ಇನ್ನು ಹಬ್ಬಕ್ಕೆ ಮಾತ್ರ ತೆರೆಯೋಣವೆನ್ನುವರು. ಸೊಸೆಯು, ಪ್ರತಿ ಸಂಜೆಯೂ ಮಕ್ಕಳು ಕೇಳಲಿ ಎನ್ನುವಳು. ಕಡೆಯ ಸಾಲಿಗಾಗಿ ತಂತಿಯನ್ನು ಹೆಚ್ಚಿಸಿದವರ ನಾದವನ್ನು ಉಳಿಸುವ ನೆಪದಲ್ಲಿ ಮುಚ್ಚಿಡುವುದು ಉಚಿತವಲ್ಲ. ಸೊಸೆಯ ಮಾತೇ ನ್ಯಾಯ.